ಸಂಸ್ಕಾರಕದ ರಿಜಿಸ್ಟರ್‌ಗಳು ಮತ್ತು ಗಣಕಯಂತ್ರದ ಇತರೆ ಸ್ಮರಣೆಗಳು: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಸರ್ಕಾರಿ ಕಚೇರಿಗಳೊಡನೆ ವ್ಯವಹರಿಸುವ ನಾಗರಿಕರಿಗೆ ‘ರಿಜಿಸ್ಟರ್’ ಎಂಬ ಪದವು ಹೊಸದಲ್ಲ. ಆವಕ ರಿಜಿಸ್ಟರ್, ಜಾವಕ ರಿಜಿಸ್ಟರ್, ಜನನ ಮತ್ತು ಮರಣ ರಿಜಿಸ್ಟರ್ ಮುಂತಾದವುಗಳಲ್ಲಿ ಒಮ್ಮೆ ಬರೆದದ್ದು ವರ್ಷಗಟ್ಟಲೆ ಉಳಿಯಬೇಕೆಂಬುದೇ ಅವುಗಳ ಉದ್ದೇಶವಾಗಿರುತ್ತದೆ. ಗಣಕಯಂತ್ರದ ಸಂಸ್ಕಾರಕದ ಒಳಗೂ ಇದೇ ಹೆಸರಿನ ಭಾಗಗಳಿರುತ್ತವೆ. ಆದರೆ ಅವುಗಳ ಸ್ವಭಾವವು ಇದಕ್ಕೆ ತೀರ ವಿರುದ್ಧವಾದುದು. ಅವುಗಳಲ್ಲಿರುವ ಅಂಕಿಯು ಒಂದು ಸೆಕೆಂಡಿನಲ್ಲಿ ಕೋಟ್ಯಂತರ ಬಾರಿ ಬದಲಾಗಬಹುದು. ವಿದ್ಯುತ್ ನಿಂತೊಡನೆ ಅದು ಗುರುತಿಲ್ಲದಂತೆ ಅಳಿದುಹೋಗುತ್ತದೆ.

ಪ್ರಮಾಣಪತ್ರ, ಪಹಣಿ, ಪಿಂಚಣಿ ಮುಂತಾದ ಸೇವೆಗಳಿಗೆ ಅರ್ಜಿಗಳನ್ನು ಆನ್‌ಲೈನ್ ಮೂಲಕ ಸಲ್ಲಿಸುವ ನಾಗರಿಕರು, ತಾವು ಭರ್ತಿ ಮಾಡಿದ ವಿವರಗಳು ಯಾವ ಹಂತದಲ್ಲಿ ಎಲ್ಲಿರುತ್ತವೆ ಮತ್ತು ಯಾವಾಗ ದಾಖಲೆಯಾಗುತ್ತವೆ ಎಂಬುದನ್ನು ತಿಳಿದಿರುವುದು ಅವಶ್ಯಕವಾಗಿದೆ. ಈ ಉದ್ದೇಶದಿಂದ ರಿಜಿಸ್ಟರ್‌ಗಳ ಕಾರ್ಯವಿಧಾನವನ್ನೂ, ಇತರೆ ಸ್ಮರಣೆಗಳಿಗಿಂತ ಅವು ಹೇಗೆ ಭಿನ್ನವೆಂಬುದನ್ನೂ ಇಲ್ಲಿ ವಿವರಿಸಲಾಗಿದೆ.

1. ರಿಜಿಸ್ಟರ್ ಎಂದರೇನು?

ಗಣಕಯಂತ್ರದ ಎಲ್ಲ ಲೆಕ್ಕಾಚಾರಗಳನ್ನು ನಡೆಸುವ ಭಾಗವೇ ಸಂಸ್ಕಾರಕ. ತಾನು ಆ ಕ್ಷಣದಲ್ಲಿ ಬಳಸುತ್ತಿರುವ ಅಂಕಿಗಳನ್ನು ಇರಿಸಿಕೊಳ್ಳಲು ಸಂಸ್ಕಾರಕದ ಒಳಗೇ ಇರುವ ಅತಿ ಚಿಕ್ಕ ಸ್ಥಾನಗಳಿಗೆ ರಿಜಿಸ್ಟರ್‌ಗಳೆಂದು ಹೆಸರು.

ಇದನ್ನು ಕಚೇರಿಯ ಒಂದು ದೃಷ್ಟಾಂತದಿಂದ ತಿಳಿಯಬಹುದು. ವಿಷಯ ನಿರ್ವಾಹಕರು ಲೆಕ್ಕ ಹಾಕುವಾಗ ಕೈಯಲ್ಲಿ ಹಿಡಿದಿರುವ ಚೀಟಿಯು ರಿಜಿಸ್ಟರ್‌ಗೆ ಸಮಾನ. ಮೇಜಿನ ಮೇಲೆ ಎಟುಕುವಂತಿರುವ ಕಾಗದಗಳು ಕ್ಯಾಶೆ ಸ್ಮರಣೆಗೆ ಸಮಾನ. ಕೊಠಡಿಯ ಬೀರುವಿನಲ್ಲಿರುವ ಕಡತಗಳು ಮುಖ್ಯ ಸ್ಮರಣೆಗೆ, ಅಂದರೆ ರ‍್ಯಾಮ್‌ಗೆ ಸಮಾನ. ಅಭಿಲೇಖಾಲಯದಲ್ಲಿ ಕಟ್ಟಿ ಇಟ್ಟಿರುವ ಹಳೆಯ ಕಡತಗಳು ಹಾರ್ಡ್ ಡಿಸ್ಕ್‌ಗೆ ಸಮಾನ. ಕಡತವು ಎಲ್ಲೇ ಇರಲಿ, ಲೆಕ್ಕ ಹಾಕಬೇಕಾದ ಅಂಕಿಯು ಕೈಯಲ್ಲಿರುವ ಚೀಟಿಗೆ ಬಂದೇ ತೀರಬೇಕು.

2. ಲೆಕ್ಕವು ನಡೆಯುವ ಬಗೆ

ಒಂದು ಪ್ರತಿಗೆ 25 ರೂಪಾಯಿಯಂತೆ 3 ಪ್ರತಿಗಳ ಶುಲ್ಕವನ್ನು ಲೆಕ್ಕ ಹಾಕಬೇಕೆಂದು ಭಾವಿಸೋಣ. (ಈ ದರವು ಉದಾಹರಣೆಗೆ ಮಾತ್ರ.) ಸಂಸ್ಕಾರಕವು ಈ ಕೆಳಕಂಡ ಹಂತಗಳನ್ನು ಅನುಸರಿಸುತ್ತದೆ.

(ಅ) ಮುಖ್ಯ ಸ್ಮರಣೆಯಿಂದ 25 ಎಂಬ ಅಂಕಿಯನ್ನು ಮೊದಲನೆಯ ರಿಜಿಸ್ಟರ್‌ಗೆ ತರಿಸಿಕೊಳ್ಳುವುದು.
(ಆ) 3 ಎಂಬ ಅಂಕಿಯನ್ನು ಎರಡನೆಯ ರಿಜಿಸ್ಟರ್‌ಗೆ ತರಿಸಿಕೊಳ್ಳುವುದು.
(ಇ) ಎರಡನ್ನೂ ಗುಣಿಸಿ, ಬಂದ 75 ಎಂಬ ಗುಣಲಬ್ಧವನ್ನು ಒಂದು ರಿಜಿಸ್ಟರ್‌ನಲ್ಲಿ ಇರಿಸುವುದು.
(ಈ) ಸದರಿ ಗುಣಲಬ್ಧವನ್ನು ಮುಖ್ಯ ಸ್ಮರಣೆಗೆ ಹಿಂದಿರುಗಿಸುವುದು.

ನಾಲ್ಕನೆಯ ಹಂತವು ನಡೆಯದೆ ಅದೇ ರಿಜಿಸ್ಟರ್‌ಗೆ ಬೇರೊಂದು ಅಂಕಿ ಬಂದಲ್ಲಿ, 75 ಎಂಬ ಫಲಿತಾಂಶವು ಇಲ್ಲವಾಗುತ್ತದೆ. ಕೆಲವು ಸಂಸ್ಕಾರಕಗಳು ಮುಖ್ಯ ಸ್ಮರಣೆಯಲ್ಲಿರುವ ಅಂಕಿಯನ್ನು ನೇರವಾಗಿ ಬಳಸುವಂತಹ ಆದೇಶಗಳನ್ನು ಸ್ವೀಕರಿಸುತ್ತವೆಯಾದರೂ, ಅವು ಕೂಡ ಆ ಅಂಕಿಯನ್ನು ಮೊದಲು ತಮ್ಮ ಒಳಕ್ಕೆ ತರಿಸಿಕೊಂಡ ಬಳಿಕವೇ ಲೆಕ್ಕ ಮಾಡುತ್ತವೆ.

3. ರಿಜಿಸ್ಟರ್‌ಗಳ ವಿಧಗಳು

ಸಾಮಾನ್ಯೋದ್ದೇಶ ರಿಜಿಸ್ಟರ್‌ಗಳು: ಮೇಲಿನ ಉದಾಹರಣೆಯಂತೆ ಅಂಕಿಗಳನ್ನೂ, ಅಂಕಿಗಳು ಮುಖ್ಯ ಸ್ಮರಣೆಯಲ್ಲಿರುವ ವಿಳಾಸಗಳನ್ನೂ ಇರಿಸಿಕೊಳ್ಳುವಂತಹವು.

ಕ್ರಮಸೂಚಕ: ಮುಂದೆ ಪಾಲಿಸಬೇಕಾದ ಆದೇಶವು ಮುಖ್ಯ ಸ್ಮರಣೆಯ ಯಾವ ವಿಳಾಸದಲ್ಲಿದೆ ಎಂಬುದನ್ನು ಇದು ತಿಳಿಸುತ್ತದೆ.

ಸ್ಥಿತಿಸೂಚಕ: ಹಿಂದಿನ ಲೆಕ್ಕದ ಫಲವು ಸೊನ್ನೆಯೇ, ಋಣಸಂಖ್ಯೆಯೇ, ಹಿಡಿಸಲಾರದಷ್ಟು ದೊಡ್ಡದೇ ಎಂಬುದನ್ನು ತಲಾ ಒಂದು ಬಿಟ್‌ನಲ್ಲಿ ಇದು ಗುರುತಿಸಿಡುತ್ತದೆ. ಅರ್ಜಿದಾರರ ಆದಾಯವು ನಿಗದಿತ ಮಿತಿಯೊಳಗಿದೆಯೇ ಎಂದು ತಂತ್ರಾಂಶವು ಪರಿಶೀಲಿಸುವಾಗ, ಸಂಸ್ಕಾರಕವು ಆದಾಯದಿಂದ ಮಿತಿಯನ್ನು ಕಳೆದು ನೋಡುತ್ತದೆ. ಫಲವು ಋಣಸಂಖ್ಯೆ ಅಥವಾ ಸೊನ್ನೆಯಾದಲ್ಲಿ ‘ಅರ್ಹ’ ಎಂಬ ದಾರಿಯನ್ನೂ, ಇಲ್ಲವಾದಲ್ಲಿ ‘ಅನರ್ಹ’ ಎಂಬ ದಾರಿಯನ್ನೂ ಹಿಡಿಯುತ್ತದೆ. ಇಂತಹ ಪ್ರತಿಯೊಂದು ತೀರ್ಮಾನವೂ ಒಂದೆರಡು ಬಿಟ್‌ಗಳ ಮೇಲೆ ನಿಂತಿರುತ್ತದೆ. ಆದುದರಿಂದಲೇ ಆದಾಯದ ಅಂಕಿಯನ್ನು ನಮೂದಿಸುವಾಗ ಒಂದು ಸೊನ್ನೆಯೂ ಹೆಚ್ಚು ಕಡಿಮೆಯಾಗದಂತೆ ನೋಡಿಕೊಳ್ಳತಕ್ಕದ್ದು.

4. ಇತರೆ ಸ್ಮರಣೆಗಳೊಡನೆ ಹೋಲಿಕೆ

ಸೆಕೆಂಡಿಗೆ 300 ಕೋಟಿ ಆವರ್ತಗಳ, ಅಂದರೆ 3 ಗಿಗಾಹರ್ಟ್ಸ್ ವೇಗದ ಸಂಸ್ಕಾರಕವನ್ನು ಪರಿಗಣಿಸಿ ಈ ಕೆಳಗಿನ ವಿವರಗಳನ್ನು ನೀಡಲಾಗಿದೆ. ಯಂತ್ರದಿಂದ ಯಂತ್ರಕ್ಕೆ ಇವು ಬದಲಾಗುವುದರಿಂದ ಸ್ಥೂಲ ಅಂದಾಜುಗಳೆಂದು ತಿಳಿಯತಕ್ಕದ್ದು.

(ಅ) ರಿಜಿಸ್ಟರ್: ಒಂದೊಂದರ ಗಾತ್ರ 8 ಬೈಟ್, ತಲುಪಲು ಒಂದು ಆವರ್ತ. ವಿದ್ಯುತ್ ನಿಂತರೆ ಅಳಿಯುತ್ತದೆ.
(ಆ) ಮೊದಲ ಹಂತದ ಕ್ಯಾಶೆ: ಕೆಲವು ಹತ್ತು ಕಿಲೋಬೈಟ್, ನಾಲ್ಕೈದು ಆವರ್ತ. ವಿದ್ಯುತ್ ನಿಂತರೆ ಅಳಿಯುತ್ತದೆ.
(ಇ) ಮುಖ್ಯ ಸ್ಮರಣೆ: ಕೆಲವು ಗಿಗಾಬೈಟ್, ಸುಮಾರು 80 ನ್ಯಾನೋಸೆಕೆಂಡ್. ವಿದ್ಯುತ್ ನಿಂತರೆ ಅಳಿಯುತ್ತದೆ.
(ಈ) ಎಸ್‌ಎಸ್‌ಡಿ: ನೂರಾರು ಗಿಗಾಬೈಟ್, ಸುಮಾರು 100 ಮೈಕ್ರೋಸೆಕೆಂಡ್. ಉಳಿಯುತ್ತದೆ.
(ಉ) ಹಾರ್ಡ್ ಡಿಸ್ಕ್: ನೂರಾರು ಗಿಗಾಬೈಟ್‌ನಿಂದ ಹಲವು ಟೆರಾಬೈಟ್, ಸುಮಾರು 10 ಮಿಲಿಸೆಕೆಂಡ್. ಉಳಿಯುತ್ತದೆ.

ಈ ಅಂತರವು ಎಷ್ಟೆಂಬುದನ್ನು ಮನಗಾಣಲು, ಒಂದು ಆವರ್ತವನ್ನು ಒಂದು ಸೆಕೆಂಡ್ ಎಂದು ಭಾವಿಸಿ ನೋಡಬಹುದು. ಆಗ ರಿಜಿಸ್ಟರ್‌ನಿಂದ ಅಂಕಿಯು ಒಂದು ಸೆಕೆಂಡಿನಲ್ಲಿ ದೊರೆತರೆ, ಮುಖ್ಯ ಸ್ಮರಣೆಯಿಂದ ದೊರೆಯಲು ನಾಲ್ಕು ನಿಮಿಷ, ಎಸ್‌ಎಸ್‌ಡಿಯಿಂದ ದೊರೆಯಲು ಮೂರೂವರೆ ದಿನ, ಹಾರ್ಡ್ ಡಿಸ್ಕ್‌ನಿಂದ ದೊರೆಯಲು ಹನ್ನೊಂದು ತಿಂಗಳಿಗೂ ಮಿಗಿಲಾದ ಕಾಲ ಬೇಕಾಗುತ್ತದೆ. ವೇಗವಾದ ಸ್ಮರಣೆಯು ಚಿಕ್ಕದಾಗಿಯೂ, ದೊಡ್ಡದಾದುದು ನಿಧಾನವಾಗಿಯೂ ಇರುವುದರಿಂದ ಎಲ್ಲ ಬಗೆಯವೂ ಒಟ್ಟಿಗೆ ಇರಬೇಕಾಗುತ್ತದೆ.

ರಚನೆಯಲ್ಲಿಯೂ ವ್ಯತ್ಯಾಸವಿದೆ. ಮುಖ್ಯ ಸ್ಮರಣೆಯಲ್ಲಿ ಒಂದು ಬಿಟ್‌ಗೆ ಒಂದು ಟ್ರಾನ್ಸಿಸ್ಟರ್ ಮತ್ತು ಒಂದು ಕೆಪಾಸಿಟರ್ ಸಾಕು. ಆದರೆ ಕೆಪಾಸಿಟರ್‌ನ ವಿದ್ಯುದಂಶವು ಸೋರಿಹೋಗುವುದರಿಂದ, ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಅದನ್ನು ಮತ್ತೆ ತುಂಬಬೇಕು. ಕ್ಯಾಶೆಯಲ್ಲಿ ಒಂದು ಬಿಟ್‌ಗೆ ಸಾಮಾನ್ಯವಾಗಿ ಆರು ಟ್ರಾನ್ಸಿಸ್ಟರ್‌ಗಳಿರುತ್ತವೆ. ರಿಜಿಸ್ಟರ್‌ಗಳಲ್ಲಿ ಏಕಕಾಲಕ್ಕೆ ಹಲವು ಅಂಕಿಗಳನ್ನು ಓದಿ ಬರೆಯಬೇಕಾದ್ದರಿಂದ ಇನ್ನೂ ಹೆಚ್ಚು ಬೇಕಾಗುತ್ತವೆ. ಮುಖ್ಯ ಸ್ಮರಣೆಯ ಪ್ರತಿ ಬೈಟ್‌ಗೂ ಒಂದು ವಿಳಾಸವಿದ್ದರೆ, ರಿಜಿಸ್ಟರ್‌ಗಳನ್ನು ಆದೇಶದಲ್ಲಿಯೇ ಹೆಸರಿಸಿ ಕರೆಯಲಾಗುತ್ತದೆ.

5. ರಿಜಿಸ್ಟರ್‌ಗಳ ಸಂಖ್ಯೆ ಕಡಿಮೆ ಏಕೆ?

ಇಂಟೆಲ್ ಸಂಸ್ಥೆಯು 1978ರಲ್ಲಿ ಹೊರತಂದ 8086 ಸಂಸ್ಕಾರಕದಲ್ಲಿ 16 ಬಿಟ್‌ಗಳ 8 ಸಾಮಾನ್ಯೋದ್ದೇಶ ರಿಜಿಸ್ಟರ್‌ಗಳಿದ್ದವು. ಎಎಂಡಿ ಸಂಸ್ಥೆಯು 2003ರಲ್ಲಿ ಆರಂಭಿಸಿದ 64 ಬಿಟ್‌ಗಳ ವಿನ್ಯಾಸದಲ್ಲಿ ಇವು 16 ಆದವು. ಇಂದಿನ ಮೊಬೈಲ್ ಫೋನ್‌ಗಳಲ್ಲಿರುವ 64 ಬಿಟ್‌ಗಳ ಆರ್ಮ್ ವಿನ್ಯಾಸದಲ್ಲಿ 31 ಇವೆ. ಮದ್ರಾಸ್ ಐಐಟಿಯ ಶಕ್ತಿ ಮತ್ತು ಸಿ-ಡ್ಯಾಕ್ ಸಂಸ್ಥೆಯ ವೇಗಾ ಸಂಸ್ಕಾರಕಗಳು ಅನುಸರಿಸುವ ರಿಸ್ಕ್-ಫೈವ್ ವಿನ್ಯಾಸದಲ್ಲಿ ಸಾಮಾನ್ಯವಾಗಿ 32 ಇದ್ದು, ಅವುಗಳಲ್ಲೊಂದು ಸದಾ ಸೊನ್ನೆಯಾಗಿಯೇ ಇರುತ್ತದೆ. ಚಿತ್ರ, ಧ್ವನಿ ಮುಂತಾದವುಗಳ ಸಂಸ್ಕರಣೆಗೆ ಇನ್ನೂ ಅಗಲವಾದ ಪ್ರತ್ಯೇಕ ರಿಜಿಸ್ಟರ್‌ಗಳಿರುತ್ತವೆ.

ಸಂಖ್ಯೆಯನ್ನು ಮನಬಂದಂತೆ ಹೆಚ್ಚಿಸಲು ಬರುವುದಿಲ್ಲ. 16 ರಿಜಿಸ್ಟರ್‌ಗಳಲ್ಲಿ ಒಂದನ್ನು ಹೆಸರಿಸಲು ಆದೇಶದಲ್ಲಿ 4 ಬಿಟ್, 32ರಲ್ಲಿ ಒಂದನ್ನು ಹೆಸರಿಸಲು 5 ಬಿಟ್ ಬೇಕು. ಸಂಖ್ಯೆ ಹೆಚ್ಚಿದಂತೆ ಪ್ರತಿ ಆದೇಶವೂ ಉದ್ದವಾಗುತ್ತದೆ. ಮಿಗಿಲಾಗಿ, ಬೆಳಕು ಸಹ ಅಂತಹ ಒಂದು ಆವರ್ತದಲ್ಲಿ ಕೇವಲ 10 ಸೆಂಟಿಮೀಟರ್ ಚಲಿಸುತ್ತದೆ. ಸಂಗ್ರಹವು ದೊಡ್ಡದಾಗಿ ತಂತಿಗಳು ಉದ್ದವಾದಲ್ಲಿ ರಿಜಿಸ್ಟರ್‌ನ ವೇಗವೇ ಕುಂದುತ್ತದೆ.

ಈ ಗಾತ್ರವು ಎಷ್ಟು ಚಿಕ್ಕದೆಂಬುದಕ್ಕೆ ನಮ್ಮ ಭಾಷೆಯದೇ ಉದಾಹರಣೆಯನ್ನು ಕೊಡಬಹುದು. ಅಂತರಜಾಲದಲ್ಲಿ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. ‘ಕರ್ನಾಟಕ’ ಎಂಬ ಪದದಲ್ಲಿ ವಿರಾಮ ಮತ್ತು ದೀರ್ಘದ ಚಿಹ್ನೆಗಳೂ ಸೇರಿ 7 ಸಂಕೇತಗಳಿದ್ದು, ಒಟ್ಟು 21 ಬೈಟ್ ಆಗುತ್ತದೆ. ಅಂದರೆ ನಮ್ಮ ರಾಜ್ಯದ ಹೆಸರಿಗೇ ಮೂರು ರಿಜಿಸ್ಟರ್‌ಗಳು ಬೇಕು. ಹದಿನಾರು ರಿಜಿಸ್ಟರ್‌ಗಳು ಸೇರಿದರೂ 128 ಬೈಟ್. ಒಬ್ಬ ಅರ್ಜಿದಾರರ ಪೂರ್ಣ ವಿಳಾಸಕ್ಕೂ ಅದು ಸಾಲದು.

6. ರಿಜಿಸ್ಟರ್‌ನ ಅಗಲ ಮತ್ತು ಅಂಕಿಗಳ ಮಿತಿ

ಒಂದು ರಿಜಿಸ್ಟರ್‌ನಲ್ಲಿ ಎಷ್ಟು ಬಿಟ್‌ಗಳಿವೆ ಎಂಬುದರ ಮೇಲೆ ಅದರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆಯು ನಿರ್ಧಾರವಾಗುತ್ತದೆ. ಹಣವನ್ನು ಪೈಸೆಗಳಲ್ಲಿ ಎಣಿಸಿದಲ್ಲಿ, 16 ಬಿಟ್‌ಗಳಲ್ಲಿ 655 ರೂಪಾಯಿ 35 ಪೈಸೆಯವರೆಗೆ ಮಾತ್ರ ಎಣಿಸಬಹುದು. ಧನ ಋಣ ಎರಡನ್ನೂ ತೋರಿಸುವ 32 ಬಿಟ್‌ಗಳಲ್ಲಿ ಈ ಮಿತಿಯು 2,14,74,836 ರೂಪಾಯಿ 47 ಪೈಸೆ. 64 ಬಿಟ್‌ಗಳಲ್ಲಿಯಾದರೆ ಸುಮಾರು 922 ಕೋಟಿ ಕೋಟಿ ರೂಪಾಯಿ. ಚಿಕ್ಕ ರಿಜಿಸ್ಟರ್‌ಗಳಿದ್ದಾಗಲೂ ಎರಡನ್ನು ಜೋಡಿಸಿ ದೊಡ್ಡ ಸಂಖ್ಯೆಯನ್ನು ಲೆಕ್ಕ ಹಾಕಬಹುದು. ಆದರೆ ತಂತ್ರಾಂಶ ಬರೆಯುವವರು ಅದಕ್ಕೆ ಅವಕಾಶ ಕಲ್ಪಿಸಿರಬೇಕು.

ಕಲ್ಪಿಸದಿದ್ದಲ್ಲಿ ಆಗುವ ನಷ್ಟಕ್ಕೆ ದೃಷ್ಟಾಂತವಾಗಿ, 1996ರ ಜೂನ್ 4ರಂದು ಐರೋಪ್ಯ ಬಾಹ್ಯಾಕಾಶ ಸಂಸ್ಥೆಯ ಆರಿಯಾನ್-5 ರಾಕೆಟ್ ತನ್ನ ಪ್ರಥಮ ಉಡಾವಣೆಯಲ್ಲಿಯೇ ನಾಶವಾದುದನ್ನು ಹೇಳಬಹುದು. 64 ಬಿಟ್‌ಗಳ ಒಂದು ಮೌಲ್ಯವನ್ನು 16 ಬಿಟ್‌ಗಳಲ್ಲಿ ಹಿಡಿಸಲು ತಂತ್ರಾಂಶವು ಯತ್ನಿಸಿದುದು ಅದಕ್ಕೆ ಕಾರಣವಾಗಿತ್ತು. ಇದೇ ರೀತಿ, 1970ರ ಜನವರಿ 1ರಿಂದ ಸೆಕೆಂಡುಗಳನ್ನು 32 ಬಿಟ್‌ಗಳಲ್ಲಿ ಎಣಿಸುವ ಹಳೆಯ ತಂತ್ರಾಂಶಗಳ ಎಣಿಕೆಯು, ಭಾರತೀಯ ಕಾಲಮಾನದಂತೆ 2038ರ ಜನವರಿ 19ರ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ತನ್ನ ಮಿತಿಯನ್ನು ಮುಟ್ಟುತ್ತದೆ. ಪಿಂಚಣಿ, ದೀರ್ಘಾವಧಿ ಸಾಲ ಮುಂತಾದ ಮುಂದಿನ ದಿನಾಂಕಗಳುಳ್ಳ ವಿಷಯಗಳಲ್ಲಿ ಇದು ಮುಖ್ಯವಾದುದು.

7. ಅರ್ಜಿದಾರರಿಗೆ ಇದರ ಅನ್ವಯ

ತಾವು ಒತ್ತಿದ ಪ್ರತಿಯೊಂದು ಅಕ್ಷರವೂ ರಿಜಿಸ್ಟರ್‌ಗಳ ಮೂಲಕ ಹಾದು ತಮ್ಮ ಗಣಕಯಂತ್ರದ ಮುಖ್ಯ ಸ್ಮರಣೆಯನ್ನು ಸೇರುತ್ತದೆ. ಪರದೆಯ ಮೇಲೆ ಕಾಣುವ ಭರ್ತಿಯಾದ ನಮೂನೆಯು ಸಾಮಾನ್ಯವಾಗಿ ಅಲ್ಲಿಯೇ ಇರುತ್ತದೆ. ‘ಸಲ್ಲಿಸು’ ಗುಂಡಿಯನ್ನು ಒತ್ತಿದ ಬಳಿಕ ವಿವರಗಳು ಸರ್ವರ್‌ನ ಮುಖ್ಯ ಸ್ಮರಣೆಗೆ ಹೋಗಿ, ಅದರ ಸಂಸ್ಕಾರಕದ ರಿಜಿಸ್ಟರ್‌ಗಳಲ್ಲಿ ತಾಳೆಯಾಗಿ, ಕೊನೆಗೆ ಅಲ್ಲಿನ ಡಿಸ್ಕ್‌ನಲ್ಲಿ ಬರೆಯಲ್ಪಡುತ್ತವೆ. ಆ ನಂತರವೇ ಅದು ದಾಖಲೆ. ಆದ್ದರಿಂದ:

(ಅ) ಉದ್ದವಾದ ನಮೂನೆಗಳನ್ನು ಭರ್ತಿ ಮಾಡುವಾಗ ‘ಉಳಿಸು’ ಎಂಬ ಅವಕಾಶವಿದ್ದಲ್ಲಿ ಆಗಾಗ್ಗೆ ಬಳಸತಕ್ಕದ್ದು.
(ಆ) ಸ್ವೀಕೃತಿ ಸಂಖ್ಯೆ ಬರುವವರೆಗೆ ಅರ್ಜಿ ಸಲ್ಲಿಕೆಯಾಗಿದೆಯೆಂದು ಭಾವಿಸಬಾರದು.
(ಇ) ಸ್ವೀಕೃತಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳತಕ್ಕದ್ದು ಅಥವಾ ಮುದ್ರಿಸಿಕೊಳ್ಳತಕ್ಕದ್ದು.
(ಈ) ಕೊನೆಯ ದಿನಾಂಕವುಳ್ಳ ಅರ್ಜಿಗಳನ್ನು ವಿದ್ಯುತ್ ವ್ಯತ್ಯಯದ ಸಂಭವವನ್ನು ಗಮನದಲ್ಲಿಟ್ಟು ಮುಂಚಿತವಾಗಿ ಸಲ್ಲಿಸುವುದು ಸೂಕ್ತ.

8. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ರ‍್ಯಾಮ್ ಹೆಚ್ಚು ಹಾಕಿಸಿದರೆ ರಿಜಿಸ್ಟರ್‌ಗಳೂ ಹೆಚ್ಚುತ್ತವೆಯೇ?
ಉತ್ತರ: ಇಲ್ಲ. ರಿಜಿಸ್ಟರ್‌ಗಳು ಸಂಸ್ಕಾರಕದ ಚಿಪ್‌ನಲ್ಲಿಯೇ ರೂಪುಗೊಂಡಿರುತ್ತವೆ. ಅವುಗಳನ್ನು ಪ್ರತ್ಯೇಕವಾಗಿ ಕೊಂಡು ಸೇರಿಸಲಾಗುವುದಿಲ್ಲ.

ಪ್ರಶ್ನೆ: 32 ಬಿಟ್, 64 ಬಿಟ್ ಗಣಕಯಂತ್ರ ಎಂದರೇನು?
ಉತ್ತರ: ಇದು ಮುಖ್ಯವಾಗಿ ಸಾಮಾನ್ಯೋದ್ದೇಶ ರಿಜಿಸ್ಟರ್‌ಗಳ ಅಗಲವನ್ನು ಸೂಚಿಸುತ್ತದೆ. 32 ಬಿಟ್‌ಗಳ ವಿಳಾಸದಿಂದ ಗರಿಷ್ಠ 4 ಗಿಗಾಬೈಟ್ ಸ್ಮರಣೆಯನ್ನು ಮಾತ್ರ ಗುರುತಿಸಬಹುದು.

ಪ್ರಶ್ನೆ: ಏಕಕಾಲಕ್ಕೆ ಹಲವು ತಂತ್ರಾಂಶಗಳು ನಡೆಯುವಾಗ ಇಷ್ಟೇ ರಿಜಿಸ್ಟರ್‌ಗಳು ಹೇಗೆ ಸಾಕಾಗುತ್ತವೆ?
ಉತ್ತರ: ಕಾರ್ಯಾಚರಣಾ ವ್ಯವಸ್ಥೆಯು ಒಂದು ತಂತ್ರಾಂಶದ ಸರದಿ ಮುಗಿದಾಗ ಅದರ ರಿಜಿಸ್ಟರ್‌ಗಳ ಅಂಕಿಗಳನ್ನು ಮುಖ್ಯ ಸ್ಮರಣೆಯಲ್ಲಿ ಬರೆದಿಟ್ಟು, ಮುಂದಿನ ತಂತ್ರಾಂಶದ ಅಂಕಿಗಳನ್ನು ತುಂಬುತ್ತದೆ. ಸರದಿ ಮರಳಿದಾಗ ಬಿಟ್ಟಲ್ಲಿಂದಲೇ ಕೆಲಸವು ಮುಂದುವರಿಯುತ್ತದೆ.

ಪ್ರಶ್ನೆ: ಸೈಬರ್ ಕೇಂದ್ರದಲ್ಲಿ ಅರ್ಜಿ ಸಲ್ಲಿಸಿದರೆ ನನ್ನ ವಿವರಗಳು ಅಲ್ಲಿನ ರಿಜಿಸ್ಟರ್‌ಗಳಲ್ಲಿ ಉಳಿಯುವುವೇ?
ಉತ್ತರ: ರಿಜಿಸ್ಟರ್‌ಗಳಲ್ಲಿ ಉಳಿಯುವುದಿಲ್ಲ, ಡಿಸ್ಕ್‌ನಲ್ಲಿ ಉಳಿಯಬಹುದು. ಆದುದರಿಂದ ಅಪ್‌ಲೋಡ್‌ಗಾಗಿ ಸ್ಕ್ಯಾನ್ ಮಾಡಿಸಿದ ದಾಖಲೆಗಳನ್ನೂ, ಇಳಿಸಿಕೊಂಡ ಪ್ರತಿಗಳನ್ನೂ ಅಳಿಸಿ, ಖಾತೆಯಿಂದ ಲಾಗ್ ಔಟ್ ಆಗಿ ಹೊರಡತಕ್ಕದ್ದು.

ಸೂಚನೆ: ಈ ಪುಟವು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಅರ್ಜಿಯ ಸ್ಥಿತಿಗತಿಯನ್ನು ತಿಳಿಯಲು ಸ್ವೀಕೃತಿ ಸಂಖ್ಯೆಯೊಡನೆ ಸಂಬಂಧಪಟ್ಟ ಕಚೇರಿಯನ್ನು ಸಂಪರ್ಕಿಸಬಹುದಾಗಿದೆ.