ಎರಡು ಗಂಟೆಯ ದಾರಿಯ ಚರಿತ್ರೆ

ಊರು ಎಷ್ಟು ದೂರವೆಂದು ಕೇಳಿದವರಿಗೆ ನಾವು ಮೈಲಿಗಳಲ್ಲಿ ಉತ್ತರ ಹೇಳುವುದು ಕಡಿಮೆ. ಒಂದು ರಾತ್ರಿಯ ಪ್ರಯಾಣ, ಅರ್ಧ ದಿನದ ದಾರಿ ಎನ್ನುತ್ತೇವೆ. ದೂರಕ್ಕಿಂತ ವೇಳೆಯೇ ನಮಗೆ ಹತ್ತಿರದ ಅಳತೆ. ಈ ಲೆಕ್ಕ ತಪ್ಪಿದರೆ ಏನಾಗಬಹುದೆಂಬುದಕ್ಕೆ ದಕ್ಷಿಣ ಅಮೆರಿಕದ ಎರಡು ರಾಜಧಾನಿಗಳ ನಡುವಣ ದಾರಿಯೇ ಸಾಕ್ಷಿ.

ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಿಂದ ಚಿಲಿಯ ಸಾಂಟಿಯಾಗೋಗೆ ನೇರ ರೇಖೆಯಲ್ಲಿ ಸುಮಾರು 1,140 ಕಿ.ಮೀ. ಜೆಟ್ ವಿಮಾನಕ್ಕೆ ಇದು ಹೆಚ್ಚುಕಡಿಮೆ ಎರಡು ಗಂಟೆಯ ಹಾದಿ. ಬಹುಭಾಗ ಬಯಲುನಾಡು. ಕೊನೆಯಲ್ಲಿ ಮಾತ್ರ ಆಂಡೀಸ್ ಪರ್ವತಶ್ರೇಣಿ ಗೋಡೆಯಂತೆ ಅಡ್ಡ ನಿಂತಿದೆ. ಅದರ ಅತ್ಯುನ್ನತ ಶಿಖರವಾದ ಅಕಾಂಕಾಗ್ವಾದ ಎತ್ತರ 6,961 ಮೀಟರ್.

ಈ ಗೋಡೆಯನ್ನು ದಾಟಲು 1817ರಲ್ಲಿ ಜನರಲ್ ಸಾನ್ ಮಾರ್ಟಿನ್‌ನ ಸುಮಾರು 5,000 ಜನರ ಸೈನ್ಯಕ್ಕೆ ವಾರಗಳೇ ಹಿಡಿದವು. 1910ರಲ್ಲಿ ಪರ್ವತದ ಮೂಲಕ ರೈಲುಮಾರ್ಗ ತೆರೆದಾಗ ವಾರಗಳ ದಾರಿ ದಿನಗಳದ್ದಾಯಿತು. 1929ರಲ್ಲಿ ಫ್ರೆಂಚ್ ವೈಮಾನಿಕರು ಇಲ್ಲಿ ಅಂಚೆ ವಿಮಾನಗಳನ್ನು ಹಾರಿಸತೊಡಗಿದರು. ಅಲ್ಲಿಂದ ಮುಂದೆ ಲೆಕ್ಕವೆಲ್ಲ ಗಂಟೆಗಳಲ್ಲೇ.

1947ರ ಆಗಸ್ಟ್ 2ರಂದು ‘ಸ್ಟಾರ್ ಡಸ್ಟ್’ ಎಂಬ ಬ್ರಿಟಿಷ್ ವಿಮಾನ 11 ಜನರನ್ನು ಹೊತ್ತು ಬ್ಯೂನಸ್ ಐರಿಸ್‌ನಿಂದ ಹೊರಟಿತು. ಸಂಜೆ 5 ಗಂಟೆ 41 ನಿಮಿಷಕ್ಕೆ ಅದರಿಂದ ಸಾಂಟಿಯಾಗೋಗೆ ತಂತಿರಹಿತ ಸಂದೇಶ ಬಂದಿತು: 5-45ಕ್ಕೆ ಇಳಿಯುತ್ತೇವೆ ಎಂದು. ಇನ್ನು ನಾಲ್ಕೇ ನಿಮಿಷ! ವಿಮಾನ ಮಾತ್ರ ಬರಲಿಲ್ಲ. ಐವತ್ತು ವರ್ಷ ಅದರ ಸುಳಿವೇ ಇರಲಿಲ್ಲ. ಕಡೆಗೆ 1998ರಲ್ಲಿ, ಸಾಂಟಿಯಾಗೋಗೆ ಸುಮಾರು 80 ಕಿ.ಮೀ. ಈಚೆ, ಟುಪುಂಗಾಟೋ ಪರ್ವತದ ಹಿಮನದಿಯಲ್ಲಿ ಪರ್ವತಾರೋಹಿಗಳಿಗೆ ಅವಶೇಷಗಳು ಸಿಕ್ಕವು.

ಕಾರಣವೇನಿರಬಹುದು? ಬಹಳ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ‘ಜೆಟ್ ಸ್ಟ್ರೀಮ್’ ಎಂಬ ವಾಯುಪ್ರವಾಹ ರಭಸವಾಗಿ ಹರಿಯುತ್ತದೆ. ಆಗ ಅದರ ಪರಿಚಯ ವೈಮಾನಿಕರಲ್ಲಿ ಬಹಳ ಜನರಿಗೆ ಇರಲಿಲ್ಲ. ವಿಮಾನದ ಮಾಪಕ ತೋರಿಸುವುದು ಗಾಳಿಯಲ್ಲಿನ ವೇಗ. ಎದುರುಗಾಳಿಯಲ್ಲಿ ನೆಲದ ಮೇಲೆ ಸಾಗುವ ವೇಗ ಅದಕ್ಕಿಂತ ಎಷ್ಟೋ ಕಡಿಮೆ. ಕೆಳಗೆ ಮೋಡ ಕವಿದಿತ್ತು. ಗಡಿಯಾರ ನೋಡಿ ಪರ್ವತ ದಾಟಿತೆಂದು ನಂಬಿ ಅವರು ಕೆಳಗಿಳಿದರು. ಪರ್ವತ ಇನ್ನೂ ಮುಂದೆಯೇ ಇತ್ತು. ತಜ್ಞರು ಕೊಡುವ ವಿವರಣೆ ಇದು.

1972ರ ಅಕ್ಟೋಬರ್ 13ರಂದು ಇಂಥದೇ ತಪ್ಪು ಮರುಕಳಿಸಿತು. ಉರುಗ್ವೆಯ ರಗ್ಬಿ ಆಟಗಾರರನ್ನು ಸಾಂಟಿಯಾಗೋಗೆ ಒಯ್ಯುತ್ತಿದ್ದ ವಿಮಾನ ದಕ್ಷಿಣದ ಕಣಿವೆಯೊಂದರ ಮೂಲಕ ಆಂಡೀಸ್ ದಾಟಿ, ಕ್ಯೂರಿಕೋ ಎಂಬ ಊರಿನ ಮೇಲೆ ಉತ್ತರಕ್ಕೆ ತಿರುಗಬೇಕಿತ್ತು. ಕಣಿವೆಯಿಂದ ಆ ಊರಿಗೆ 11 ನಿಮಿಷ. ಮೂರೇ ನಿಮಿಷದಲ್ಲಿ ‘ತಲುಪಿದೆವು’ ಎಂದು ತಿಳಿಸಿ ವಿಮಾನ ತಿರುಗಿತು, ಪರ್ವತದ ನಡುವಿನಲ್ಲೇ. ಇದ್ದ 45 ಮಂದಿಯಲ್ಲಿ 72 ದಿನಗಳ ಹಿಮವಾಸದಿಂದ ಬದುಕಿ ಬಂದವರು 16 ಮಂದಿ.

ಇಂದಿನ ವಿಮಾನಗಳು ಶಿಖರಗಳಿಗಿಂತ ಬಹಳ ಮೇಲೆ ಹಾರುತ್ತವೆ. ತಾವೆಲ್ಲಿದ್ದೇವೆಂಬುದನ್ನು ಉಪಗ್ರಹಗಳಿಂದ ತಿಳಿಯುತ್ತವೆ. ಆದರೂ ಸಾಂಟಿಯಾಗೋಗೆ ಹೋಗುವ ಹೊತ್ತು ಅಲ್ಲಿಂದ ಹಿಂದಿರುಗುವ ಹೊತ್ತಿಗಿಂತ ಸಾಮಾನ್ಯವಾಗಿ ಕೆಲವು ನಿಮಿಷ ಹೆಚ್ಚು. ಆ ನಿಮಿಷಗಳು ಎದುರುಗಾಳಿಯ ಪಾಲು. 1947ರಲ್ಲಿ ಲೆಕ್ಕಕ್ಕೆ ಬಾರದೆ ಹೋದದ್ದೂ ಅದೇ ಪಾಲು.