ಉಜ್ಜಿಹೋದ ಒಳಪೊರೆ

ಸ್ನಾಯುಗಳ ಪಾಠ ಮಾಡುವಾಗ ಐಚ್ಛಿಕ, ಅನೈಚ್ಛಿಕ, ಹೃದಯ ಸ್ನಾಯು ಎಂದು ಮೂರು ಬಗೆಗಳನ್ನು ಹೇಳಿಕೊಡುವುದು ನಮ್ಮ ಪ್ರೌಢಶಾಲೆಗಳ ವಾಡಿಕೆ. ಅನೈಚ್ಛಿಕ ಸ್ನಾಯುಗಳು ಕರುಳು, ರಕ್ತನಾಳಗಳ ಗೋಡೆಯಲ್ಲಿರುತ್ತವೆ, ನಮ್ಮ ಇಚ್ಛೆಗೆ ಒಳಪಡುವುದಿಲ್ಲ ಎಂದು ಹೇಳಿ ನಾನೂ ಎಷ್ಟೋ ವರ್ಷ ಮುಂದಿನ ಪಾಠಕ್ಕೆ ಸಾಗಿದವನೇ. ನಮ್ಮ ಮಾತು ಕೇಳದ ಆ ಸ್ನಾಯು ಮತ್ತಾರ ಮಾತು ಕೇಳುತ್ತದೆ ಎಂದು ಯಾವ ವಿದ್ಯಾರ್ಥಿಯೂ ಕೇಳಲಿಲ್ಲ. ಕೇಳಿದ್ದರೆ ನಾನು ತಡವರಿಸಬೇಕಾಗುತ್ತಿತ್ತು. ಆ ಉತ್ತರದ ಒಂದು ಮುಖ್ಯ ಭಾಗ ದೊರೆತದ್ದು 1978ರ ಮೇ ತಿಂಗಳಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ, ಕೆಲಸದ ಒಂದು ತಪ್ಪಿನಿಂದ.

ಆ ಪ್ರಯೋಗಾಲಯದ ಯಜಮಾನರು ರಾಬರ್ಟ್ ಫರ್ಚ್‌ಗಾಟ್ (1916–2009). ಸೇಂಟ್ ಲೂಯಿಯಲ್ಲಿದ್ದಾಗಲೇ ಅವರು ಒಂದು ವಿಧಾನವನ್ನು ರೂಢಿಸಿಕೊಂಡಿದ್ದರು. ಮೊಲದ ಮಹಾಧಮನಿಯನ್ನು ಸುರುಳಿಯಾಗಿ ಕತ್ತರಿಸಿ ಉದ್ದನೆಯ ಪಟ್ಟಿ ಮಾಡುವುದು. ಅದನ್ನು ಆಮ್ಲಜನಕ ಹಾಯಿಸಿದ ಬೆಚ್ಚನೆಯ ಲವಣದ್ರಾವಣದಲ್ಲಿ ತೂಗುಬಿಡುವುದು. ಔಷಧ ಬೆರೆಸಿದಾಗ ಪಟ್ಟಿ ಎಷ್ಟು ಕುಗ್ಗಿತು, ಎಷ್ಟು ಸಡಿಲಿತು ಎಂದು ಅಳೆಯುವುದು. ಈ ವಿಧಾನದಿಂದ 1953ರಲ್ಲಿ ಅವರೂ ಸಹೋದ್ಯೋಗಿ ಭದ್ರಕೋಮ್ ಅವರೂ ಪ್ರಕಟಿಸಿದ ಫಲಿತಾಂಶಗಳಲ್ಲಿ ಒಂದು, ಅಸಿಟೈಲ್‌ಕೋಲಿನ್ ಈ ಪಟ್ಟಿಯನ್ನು ಕುಗ್ಗಿಸುತ್ತದೆ ಎಂಬುದು.

ಇಲ್ಲಿ ಒಂದು ತೊಡಕಿತ್ತು. ಜೀವಂತ ಪ್ರಾಣಿಗೆ ಇದೇ ಅಸಿಟೈಲ್‌ಕೋಲಿನ್ ಕೊಟ್ಟರೆ ರಕ್ತದೊತ್ತಡ ಇಳಿಯುತ್ತದೆ, ಅಂದರೆ ನಾಳಗಳು ಹಿಗ್ಗುತ್ತವೆ. ದೇಹದೊಳಗೆ ಹಿಗ್ಗಿಸುವ ವಸ್ತು ಗಾಜಿನ ಪಾತ್ರೆಯಲ್ಲಿ ಕುಗ್ಗಿಸುವುದೇಕೆ? ಈ ವಿರೋಧಾಭಾಸ ಕಾಲು ಶತಮಾನ ಹಾಗೆಯೇ ಉಳಿಯಿತು.

ಬ್ರೂಕ್ಲಿನ್ನಿನ ಆ ದಿನದ ಕೆಲಸ ಸರಳವಾದುದು. ಸಹಾಯಕ ಡೇವಿಡ್ ಡೇವಿಡ್‌ಸನ್ ಮೊದಲು ನಾರ್‌ಎಪಿನೆಫ್ರಿನ್ ಹಾಕಿ ಧಮನಿಯ ತುಣುಕು ಕುಗ್ಗುವುದನ್ನು ಅಳೆಯಬೇಕು, ಅದನ್ನು ಚೆನ್ನಾಗಿ ತೊಳೆಯಬೇಕು, ಆಮೇಲೆ ಅಸಿಟೈಲ್‌ಕೋಲಿನ್ನಿನ ಬಳಗದ್ದೇ ಆದ ಕಾರ್ಬಕಾಲ್ ಹಾಕಬೇಕು. ಅವರು ತೊಳೆಯುವುದನ್ನು ಬಿಟ್ಟರು. ಕುಗ್ಗಿದ್ದ ಸ್ನಾಯುವಿನ ಮೇಲೆಯೇ ಕಾರ್ಬಕಾಲ್ ಬಿತ್ತು. ಸ್ನಾಯು ಇನ್ನಷ್ಟು ಕುಗ್ಗುವ ಬದಲು ಸಡಿಲಿತು!

ಇಂಥ ಪ್ರಯೋಗವನ್ನು ಕೆಟ್ಟಿತೆಂದು ಚೆಲ್ಲಿ ಮತ್ತೆ ಮೊದಲಿನಿಂದ ತೊಡಗುವುದೇ ಸಾಮಾನ್ಯ. ಫರ್ಚ್‌ಗಾಟ್ ಚೆಲ್ಲಲಿಲ್ಲ. ಈ ಸಲದ ತುಣುಕುಗಳು ಅಡ್ಡಲಾಗಿ ಕತ್ತರಿಸಿದ ಉಂಗುರಗಳಾಗಿದ್ದವು, ಹಿಂದಿನಂತೆ ಸುರುಳಿಯ ಪಟ್ಟಿಗಳಲ್ಲ. ಆಕಾರದಿಂದ ಗುಣ ಬದಲಾಗುವುದು ಹೇಗೆ ಎಂದು ಹುಡುಕುತ್ತಾ ಹೋದಾಗ ಕಾರಣ ಕತ್ತರಿಯಲ್ಲಿರಲಿಲ್ಲ, ಕೈಯಲ್ಲಿತ್ತು. ಸುರುಳಿಯ ಪಟ್ಟಿ ಮಾಡುವಾಗ ಧಮನಿಯ ಒಳಮೈ ಅಲ್ಲಿ ಇಲ್ಲಿ ತಗುಲಿ ಉಜ್ಜಿಹೋಗುತ್ತಿತ್ತು. ಅಲ್ಲಿ ಒಂದೇ ಜೀವಕೋಶದಷ್ಟು ದಪ್ಪದ ಪೊರೆಯಿದೆ, ಅದನ್ನು ಎಂಡೋಥೀಲಿಯಂ ಎನ್ನುತ್ತಾರೆ. ನಾಳದೊಳಗಿನ ನಯವಾದ ಅಸ್ತರಿ ಎಂಬುದಕ್ಕಿಂತ ಹೆಚ್ಚಿನ ಮಹತ್ವವನ್ನು ಅದಕ್ಕೆ ಕೊಟ್ಟವರು ಕಡಿಮೆ. ಉಂಗುರದ ಒಳಮೈಯನ್ನು ಬೇಕೆಂದೇ ಉಜ್ಜಿ ನೋಡಿದರೆ ಅದೂ ಸಡಿಲಗೊಳ್ಳಲಿಲ್ಲ. ಪಟ್ಟಿಯನ್ನು ಜೋಪಾನವಾಗಿ ಕತ್ತರಿಸಿದರೆ ಅದೂ ಸಡಿಲಿತು.

ಹಾಗಾದರೆ ತಮ್ಮ ಹಿಂದಿನ ಪಟ್ಟಿಗಳೆಲ್ಲ ಪೊರೆ ಕಳೆದುಕೊಂಡವೇ ಇರಬೇಕು. ಅರವತ್ತು ದಾಟಿದ, ಆ ಪಟ್ಟಿಗಳಿಂದಲೇ ಹೆಸರು ಪಡೆದ ವಿಭಾಗ ಮುಖ್ಯಸ್ಥರೊಬ್ಬರಿಗೆ ಇದನ್ನು ಬರೆದು ಒಪ್ಪಿಕೊಳ್ಳುವುದು ಸುಲಭವಲ್ಲ. ಒಪ್ಪಿಕೊಂಡರು. ಮುಂದಿನ ಪ್ರಯೋಗವಂತೂ ಬಲು ಸೊಗಸು. ಪೊರೆ ಕಳೆದ ಪಟ್ಟಿಯೊಂದರ ಒಳಮೈಗೆ ಪೊರೆಯಿರುವ ಪಟ್ಟಿಯ ಒಳಮೈಯನ್ನು ಎರಡು ರೊಟ್ಟಿಗಳಂತೆ ಒತ್ತಾಗಿಟ್ಟು ಅಸಿಟೈಲ್‌ಕೋಲಿನ್ ಹಾಕಿದರು. ಪೊರೆ ಕಳೆದ ಪಟ್ಟಿಯೂ ಸಡಿಲಿತು. ಪೊರೆಯಿಂದ ಏನೋ ಒಂದು ಹೊರಟು ಸ್ನಾಯುವನ್ನು ಮುಟ್ಟುತ್ತಿದೆ ಎಂಬುದು ಖಚಿತವಾಯಿತು. 1980ರ ನವೆಂಬರಿನಲ್ಲಿ ಫರ್ಚ್‌ಗಾಟ್ ಮತ್ತು ಜವಾಡ್ಜ್‌ಕಿ ಅವರ ಹೆಸರಿನಲ್ಲಿ ಇದು ‘ನೇಚರ್’ ಪತ್ರಿಕೆಯಲ್ಲಿ ಬಂದಿತು.

ಆ ‘ಏನೋ ಒಂದು’ ಕೆಲವೇ ಸೆಕೆಂಡುಗಳಲ್ಲಿ ಕರಗಿಹೋಗುತ್ತಿದ್ದುದರಿಂದ ಅದನ್ನು ಹಿಡಿಯಲು ಮತ್ತೆ ಏಳು ವರ್ಷ ಬೇಕಾಯಿತು. ಅದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವಿರಬಹುದೆಂದು 1986ರಲ್ಲಿ ಫರ್ಚ್‌ಗಾಟ್ ಮತ್ತು ಲೂಯಿ ಇಗ್ನಾರೊ ಬೇರೆ ಬೇರೆಯಾಗಿ ಸೂಚಿಸಿದರು. 1987ರಲ್ಲಿ ಇಗ್ನಾರೊ ಅವರ ತಂಡವೂ ಇಂಗ್ಲೆಂಡಿನಲ್ಲಿ ಸಾಲ್ವಡಾರ್ ಮೊಂಕಾಡಾ ಅವರ ತಂಡವೂ ಪ್ರಯೋಗದಿಂದ ತೋರಿಸಿದವು. ವಾಹನಗಳ ಹೊಗೆಯಲ್ಲಿರುವ ಅನಿಲವೇ ನಮ್ಮ ಧಮನಿಗಳಲ್ಲಿ ದೂತನ ಕೆಲಸ ಮಾಡುತ್ತದೆಂದರೆ ಆಗ ನಂಬಿದವರು ಎಷ್ಟೋ! ಎದೆನೋವಿಗೆ ಕೊಡುವ ನೈಟ್ರೋಗ್ಲಿಸರಿನ್‌ನಿಂದಲೂ ಇದೇ ಅನಿಲ ಹೊರಡುತ್ತದೆಂಬುದನ್ನು ಫೆರಿಡ್ ಮುರಾದ್ 1977ರಷ್ಟು ಮೊದಲೇ ಕಂಡಿದ್ದರು. ನೈಟ್ರೋಗ್ಲಿಸರಿನ್ ಎಂದರೆ ಆಲ್‌ಫ್ರೆಡ್ ನೊಬೆಲ್ ಡೈನಮೈಟ್ ಮಾಡಿದ ವಸ್ತು. ಅವರ ಕೊನೆಗಾಲದಲ್ಲಿ ವೈದ್ಯರು ಹೃದಯದ ಬೇನೆಗೆ ಅದನ್ನೇ ಬರೆದುಕೊಟ್ಟಿದ್ದರು.

1998ರ ನೊಬೆಲ್ ಬಹುಮಾನ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಮೂವರಿಗೆ ಸಂದಿತು. ಒಂದು ಬಹುಮಾನವನ್ನು ಮೂವರಿಗಿಂತ ಹೆಚ್ಚು ಜನಕ್ಕೆ ಹಂಚುವ ಪದ್ಧತಿಯಿಲ್ಲ, ಮೊಂಕಾಡಾ ಹೊರಗುಳಿದರು. ಅದು ನ್ಯಾಯವಾಗಲಿಲ್ಲವೆಂದು ಹಲವರು ಹೇಳಿದ್ದಾರೆ, ನನಗೂ ಹಾಗೆಯೇ ತೋರುತ್ತದೆ. 1980ರ ಲೇಖನದ ಕರ್ತೃಗಳ ಸಾಲಿನಲ್ಲಿ ಡೇವಿಡ್‌ಸನ್ನರ ಹೆಸರಿಲ್ಲ. ಸ್ಟಾಕ್‌ಹೋಮಿನ ನೊಬೆಲ್ ಉಪನ್ಯಾಸದಲ್ಲಿ ಮಾತ್ರ ಫರ್ಚ್‌ಗಾಟ್ ಆ ತೊಳೆಯದ ಪ್ರಯೋಗದ ಸಂಗತಿಯನ್ನು ಹೇಳಿ, ಅದನ್ನು ಮಾಡಿದವರ ಹೆಸರನ್ನೂ ಹೇಳಿದರು.