ಮ್ಯಾಕ್ರೊ ಲೆನ್ಸ್: ಹೊಂದಾಣಿಕೆಯ ಹಿಂದಿನ ಕಥೆ

ಇರುವೆಯ ಕಣ್ಣು, ತುಂಬೆ ಹೂವಿನ ಕೇಸರ, ಚಿಟ್ಟೆಯ ರೆಕ್ಕೆಯ ಮೇಲಿನ ಹುರುಪೆ, ಇವನ್ನೆಲ್ಲ ತರಗತಿಯಲ್ಲಿ ತೋರಿಸಬೇಕೆಂಬ ಆಸೆಯಿಂದ ಶಿಕ್ಷಕರೊಬ್ಬರು ಆರಂಭಿಕರ ಎಸ್‌ಎಲ್‌ಆರ್ ಕ್ಯಾಮೆರಾ ಕೊಳ್ಳುತ್ತಾರೆ ಎನ್ನಿ. ಅದಕ್ಕೊಂದು ಮ್ಯಾಕ್ರೊ ಲೆನ್ಸ್ ಬೇಕು. ಹೊಸದು ದುಬಾರಿ, ಬಳಸಿದ ಹಳೆಯದು ಕಡಿಮೆ ಬೆಲೆಗೆ ಸಿಗುತ್ತದೆ. ಕ್ಯಾಮೆರಾಕ್ಕೆ ಸರಿಯಾಗಿ ಕೂರುತ್ತದೆ ಕೂಡ. ಆದರೆ ಗುಂಡಿ ಒತ್ತಿದರೆ ಲೆನ್ಸ್ ಅಲುಗುವುದಿಲ್ಲ! ಕೆಟ್ಟಿದೆಯೆಂದು ಹಿಂದಿರುಗಿಸುವ ಮೊದಲು ಸ್ವಲ್ಪ ಇತಿಹಾಸ ನೋಡುವುದು ಲೇಸು.

ಪೀನ ಮಸೂರದಿಂದ ಸಂಗಮ ದೂರದ ಎರಡರಷ್ಟು ದೂರದಲ್ಲಿ ವಸ್ತುವಿದ್ದರೆ, ಇನ್ನೊಂದು ಬದಿಯಲ್ಲಿ ಅಷ್ಟೇ ದೂರದಲ್ಲಿ ಅಷ್ಟೇ ಗಾತ್ರದ ಪ್ರತಿಬಿಂಬ ಮೂಡುತ್ತದೆ. ಇದು ಶಾಲೆಯ ಪಾಠವೇ. ದೂರದ ಬೆಟ್ಟದ ಚಿತ್ರಕ್ಕಾದರೆ ಪ್ರತಿಬಿಂಬ ಸಂಗಮ ದೂರದಲ್ಲೇ ಬೀಳುತ್ತದೆ. ಅಂದರೆ 50 ಮಿಮೀ ಲೆನ್ಸಿನಿಂದ ಇರುವೆಯನ್ನು 1:1 ಅಳತೆಯಲ್ಲಿ ಹಿಡಿಯಬೇಕಾದರೆ ಲೆನ್ಸನ್ನು ಇನ್ನೂ 50 ಮಿಮೀ ಮುಂದೆ ಚಾಚಬೇಕು. ಸಾಮಾನ್ಯ ಲೆನ್ಸಿನ ಕೊಳವೆ ಅಷ್ಟು ಚಾಚುವುದಿಲ್ಲ. ಹಾಗಾಗಿ ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಖಾಲಿ ಉಂಗುರಗಳನ್ನೋ ತಿದಿಯನ್ನೋ ಸೇರಿಸುತ್ತಿದ್ದರು. ಎರಡೂ ಇಂದಿಗೂ ಉಪಯೋಗದಲ್ಲಿವೆ.

1955ರಲ್ಲಿ ಜರ್ಮನಿಯ ಹೈಂಜ್ ಕಿಲ್ಫಿಟ್ ಅವರ 40 ಮಿಮೀ ‘ಮಾಕ್ರೊ-ಕಿಲಾರ್’ ಹೊರಬಂದಿತು. ಉಂಗುರಗಳ ನೆರವಿಲ್ಲದೆ ತಾನೇ ಚಾಚಿಕೊಂಡು ಒಂದು ಮಾದರಿಯಲ್ಲಿ 1:2, ಇನ್ನೊಂದರಲ್ಲಿ 1:1 ಅಳತೆ ಮುಟ್ಟುತ್ತಿದ್ದ ಲೆನ್ಸ್ ಅದು. ಮರುವರ್ಷ ಜಪಾನಿನಲ್ಲಿ ನಿಕಾನ್ ತಯಾರಿಸಿದ ಲೆನ್ಸಿನ ಉದ್ದೇಶವೇ ಬೇರೆ. ಪುಸ್ತಕದ ಪುಟಗಳನ್ನು ಮೈಕ್ರೊಫಿಲ್ಮಿಗೆ ಇಳಿಸುವಾಗ ರೋಮನ್ ಅಕ್ಷರಗಳು ಹೇಗೋ ಉಳಿಯುತ್ತಿದ್ದವು; ಗೆರೆಗಳು ಒತ್ತೊತ್ತಾಗಿರುವ ಕಾಂಜಿ ಲಿಪಿ ಮಾತ್ರ ಕಲಸಿಹೋಗುತ್ತಿತ್ತು. ಅದನ್ನು ಸ್ಪಷ್ಟವಾಗಿ ಹಿಡಿಯಲೆಂದೇ ‘ಮೈಕ್ರೊ-ನಿಕ್ಕೋರ್’ ರೂಪುಗೊಂಡಿತು. ಆ ಸಂಸ್ಥೆಯ ಮ್ಯಾಕ್ರೊ ಲೆನ್ಸುಗಳ ಮೇಲೆ ಇಂದಿಗೂ ‘ಮೈಕ್ರೊ’ ಎಂಬ ಹೆಸರಿದೆ. ಅಂಗಡಿಯಲ್ಲಿ ಗೊಂದಲಕ್ಕೊಳಗಾಗಬೇಕಿಲ್ಲ.

ಈಗ ಹೊಂದಾಣಿಕೆಯ ವಿಷಯ. 1959ರ ನಿಕಾನ್ ಎಫ್ ಕ್ಯಾಮೆರಾದೊಂದಿಗೆ ಬಂದ ಎಫ್ ಮೌಂಟಿನ ಲೋಹದ ಉಂಗುರವನ್ನು ಸಂಸ್ಥೆ ದಶಕಗಳವರೆಗೆ ಬದಲಿಸಲಿಲ್ಲ. ಲೆನ್ಸ್ ಕೂರುವ ಪಟ್ಟಿಯಿಂದ ಫಿಲ್ಮಿನವರೆಗೆ 46.5 ಮಿಮೀ, ಅದೂ ಹಾಗೆಯೇ ಉಳಿಯಿತು. ಬದಲಾದದ್ದು ಉಂಗುರದ ಒಳಗಿನ ಸಂಪರ್ಕಗಳು. 1977ರಲ್ಲಿ ದ್ಯುತಿರಂಧ್ರದ ಅಳತೆಯನ್ನು ಕ್ಯಾಮೆರಾಕ್ಕೆ ತಿಳಿಸುವ ವಿಧಾನ ಬದಲಾಯಿತು. 1985ರಲ್ಲಿ ಮಿನೋಲ್ಟಾ 7000 ಸ್ವಯಂಚಾಲಿತ ಫೋಕಸಿನಿಂದ ಮಾರುಕಟ್ಟೆಯನ್ನು ಗೆದ್ದಾಗ ಉಳಿದವರೂ ಅದೇ ದಾರಿ ಹಿಡಿಯಬೇಕಾಯಿತು. 1986ರ ನಿಕಾನ್ ಎಫ್-501ರಲ್ಲಿ ಮೋಟಾರು ಕ್ಯಾಮೆರಾದೊಳಗಿತ್ತು. ಸ್ಕ್ರೂಡ್ರೈವರ್ ತುದಿಯಂತಹ ಕಿರುದಂಡವೊಂದು ಹೊರಚಾಚಿ ಲೆನ್ಸಿನ ಗಾಡಿಯೊಳಗೆ ಕೂತು ಅದನ್ನು ತಿರುಗಿಸುತ್ತಿತ್ತು.

ಕ್ಯಾನನ್ ಇದಕ್ಕೆ ತೀರ ವಿರುದ್ಧವಾದ ನಿರ್ಧಾರ ಕೈಗೊಂಡಿತು. 1987ರಲ್ಲಿ ತನ್ನ ಎಫ್‌ಡಿ ಮೌಂಟನ್ನೇ ಕೈಬಿಟ್ಟು ಇಎಫ್ ಮೌಂಟ್ ತಂದಿತು. ಮೋಟಾರು ಲೆನ್ಸಿನೊಳಗೆ, ಕ್ಯಾಮೆರಾದೊಂದಿಗೆ ವಿದ್ಯುತ್ ಸಂಪರ್ಕ ಮಾತ್ರ. ಹಳೆಯ ಲೆನ್ಸುಗಳನ್ನು ಕೂಡಿಟ್ಟವರಿಗೆ ಅದು ನಿಷ್ಠುರವೇ. ಆದರೆ ಅಂದಿನ ಇಎಫ್ ಲೆನ್ಸ್ ನಂತರ ಬಂದ ಅಗ್ಗದ ಇಎಫ್ ಡಿಜಿಟಲ್ ಕ್ಯಾಮೆರಾದಲ್ಲೂ ತಾನೇ ಫೋಕಸ್ ಮಾಡುತ್ತದೆ. ನಿಕಾನ್ ತೋರಿಸಿದ ಕರುಣೆಯ ಬಿಲ್ಲು ಇಪ್ಪತ್ತು ವರ್ಷಗಳ ನಂತರ ಬಂದಿತೆನ್ನಬಹುದು: 2006ರಲ್ಲಿ ಆರಂಭಿಕರಿಗಾಗಿ ತಂದ ಡಿ40ರಲ್ಲಿ ಒಳಮೋಟಾರನ್ನು ತೆಗೆದುಹಾಕಲಾಗಿತ್ತು. ಮೋಟಾರು ತಮ್ಮೊಳಗೇ ಇರುವ ಎಎಫ್-ಎಸ್ ಬಗೆಯ ಲೆನ್ಸುಗಳು ಅದರಲ್ಲಿ ಎಂದಿನಂತೆ ದುಡಿದವು. ಜನಪ್ರಿಯವಾಗಿದ್ದ 60 ಮಿಮೀ ಎಎಫ್ ಮೈಕ್ರೊ-ನಿಕ್ಕೋರ್ ಕೂರುತ್ತಿತ್ತು, ಬೆಳಕನ್ನೂ ಅಳೆಯಬಹುದಿತ್ತು, ಆದರೆ ತಿರುಗಿಸಲು ದಂಡವೇ ಇರಲಿಲ್ಲ. 2018ರಲ್ಲಿ ಜೆಡ್ ಮೌಂಟ್ ಬಂದಾಗ ಹಳೆಯ ಲೆನ್ಸುಗಳಿಗೆಂದು ನಿಕಾನ್ ಕೊಟ್ಟ ಎಫ್‌ಟಿಜೆಡ್ ಅಡಾಪ್ಟರಿನಲ್ಲೂ ಮೋಟಾರು ಇಲ್ಲ.

ಭಾವಚಿತ್ರ ತೆಗೆಯುವವರಿಗೆ ಇದು ನಿಜವಾದ ತೊಂದರೆ. ಮ್ಯಾಕ್ರೊ ಕೆಲಸಕ್ಕೆ ಅಷ್ಟೇನೂ ಅಲ್ಲವೆಂದು ನನ್ನ ಅಭಿಪ್ರಾಯ. 1:1 ಅಳತೆಯಲ್ಲಿ ಪ್ರತಿಬಿಂಬದ ದೂರ ಇಮ್ಮಡಿಯಾಗುವುದರಿಂದ ಸಂವೇದಕದ ಮೇಲೆ ಬೀಳುವ ಬೆಳಕಿನ ತೀವ್ರತೆ ಕಾಲುಭಾಗಕ್ಕೆ ಇಳಿಯುತ್ತದೆ. ಸ್ಪಷ್ಟವಾಗಿ ಕಾಣುವ ಆಳವೂ ತೀರ ಕಡಿಮೆ. ಮೋಟಾರಿದ್ದರೂ ಲೆನ್ಸ್ ಗುರಿ ಸಿಗದೆ ಹಿಂದೆ ಮುಂದೆ ಓಡಾಡುತ್ತಿರುತ್ತದೆ.

ಆದ್ದರಿಂದ ಹಳೆಯ 60 ಮಿಮೀ ಲೆನ್ಸನ್ನು ಕೊಂಡವರು ಅದರ ಉಂಗುರವನ್ನು ಕೈಯಿಂದ 1:1ಕ್ಕೆ ತಿರುಗಿಸಿ ಬಿಡಲಿ. ವಸ್ತುವಿನಿಂದ ಸಂವೇದಕಕ್ಕೆ ಆಗ 21.9 ಸೆಂಮೀ. ನಾಲ್ಕು ಪಟ್ಟು ಸಂಗಮ ದೂರವೆಂದರೆ 24 ಆಗಬೇಕಿತ್ತಲ್ಲ ಎಂದು ವಿದ್ಯಾರ್ಥಿಗಳು ಕೇಳಿಯಾರು. ಇದು ಒಂಟಿ ಮಸೂರವಲ್ಲ. ಹತ್ತಿರದ ವಸ್ತುವಿಗೆ ಹೊಂದಿಸುವಾಗ ಒಳಗಿನ ಮಸೂರಗಳ ನಡುವಣ ಅಂತರ ಬದಲಾಗಿ ಸಂಗಮ ದೂರವೂ ತುಸು ಬದಲಾಗುತ್ತದೆ. ಆಮೇಲೆ ಉಂಗುರವನ್ನು ಮುಟ್ಟದೆ, ಇರುವೆಯ ಕಣ್ಣು ಸ್ಪಷ್ಟವಾಗುವವರೆಗೆ ಇಡೀ ಕ್ಯಾಮೆರಾವನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಬೇಕು.